ಹೊರಾಂಗಣ ಗ್ರಿಲ್ ಒಲೆ

ಹೊರಾಂಗಣ ಗ್ರಿಲ್ ಒಲೆ ಎಂಬುದು ಆಹಾರವನ್ನು ಲೋಹದ ಸರಳುಗಳ ಅಥವಾ ಜಾಲರಿಯ ಮೇಲಿಟ್ಟು, ಕೆಳಗಿನಿಂದ ಬರುವ ಶಾಖದಿಂದ ನೇರವಾಗಿ ಸುಟ್ಟು ಬೇಯಿಸುವ ಅಡುಗೆ ಸಾಧನವಾಗಿದೆ. ಶಾಖದ ಮೂಲವು ಇದ್ದಿಲಿನ ಕೆಂಡ, ಕಟ್ಟಿಗೆ, ಅಡುಗೆ ಅನಿಲ ಅಥವಾ ವಿದ್ಯುತ್ ಆಗಿರಬಹುದು. ಪಾತ್ರೆಯಾಗಲಿ ಹೆಚ್ಚಿನ ಎಣ್ಣೆಯಾಗಲಿ ಬೇಕಿಲ್ಲದಿರುವುದು ಈ ವಿಧಾನದ ವೈಶಿಷ್ಟ್ಯ. ಹೊಗೆ ಮತ್ತು ವಿಷಕಾರಿ ಅನಿಲಗಳು ಹೊರಬೀಳುವುದರಿಂದ ಇದ್ದಿಲಿನ ಹಾಗೂ ಅನಿಲದ ಗ್ರಿಲ್ ಒಲೆಗಳನ್ನು ಅಂಗಳ, ಹಿತ್ತಿಲು, ತೆರೆದ ತಾರಸಿ ಮುಂತಾದ ಹೊರಜಾಗಗಳಲ್ಲಿ ಮಾತ್ರ ಬಳಸಲಾಗುತ್ತದೆ.

ಗ್ರಿಲ್ ಒಲೆಗಳು ಮೂರು ಬದಿ ಇಟ್ಟಿಗೆ ಜೋಡಿಸಿ ಜಾಲರಿ ಹಾಸಿದ ಸರಳ ರಚನೆಯಿಂದ ಹಿಡಿದು ಹಲವು ಬರ್ನರುಗಳ ದುಬಾರಿ ಯಂತ್ರಗಳವರೆಗೆ ನಾನಾ ರೂಪಗಳಲ್ಲಿ ದೊರೆಯುತ್ತವೆ. ಅಡುಗೆಯ ಗುಣಮಟ್ಟವು ಒಲೆಯ ಬೆಲೆಗಿಂತ ಹೆಚ್ಚಾಗಿ ಗಾಳಿಯ ನಿಯಂತ್ರಣ, ಕೆಂಡಕ್ಕೂ ಆಹಾರಕ್ಕೂ ಇರುವ ಅಂತರ ಹಾಗೂ ತಗಡಿನ ದಪ್ಪವನ್ನು ಅವಲಂಬಿಸಿರುತ್ತದೆ. ಆದ್ದರಿಂದ ಮನೆಬಳಕೆಗೆ ಕಡಿಮೆ ವೆಚ್ಚದ ಒಲೆಯನ್ನು ಆರಿಸುವಾಗ ಈ ಮೂರು ಅಂಶಗಳನ್ನು ಪ್ರಧಾನವಾಗಿ ಪರಿಗಣಿಸಬೇಕಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಂತಹ ಕಡಲತೀರದ ಪ್ರದೇಶಗಳಲ್ಲಿ ಉಪ್ಪಿನಂಶದ ಗಾಳಿ ಮತ್ತು ದೀರ್ಘ ಮಳೆಗಾಲದಿಂದಾಗಿ ತುಕ್ಕು ನಿರೋಧಕತೆಯು ನಾಲ್ಕನೆಯ ಮುಖ್ಯ ಅಂಶವಾಗುತ್ತದೆ.

## ಹೆಸರು

‘ಗ್ರಿಲ್’ ಎಂಬ ಇಂಗ್ಲಿಷ್ ಪದವು ಸರಳುಗಳ ಜಾಲರಿ ಎಂಬರ್ಥದ ಲ್ಯಾಟಿನ್ ಪದದಿಂದ ಫ್ರೆಂಚ್ ಭಾಷೆಯ ಮೂಲಕ ಬಂದಿದೆ. ‘ಬಾರ್ಬೆಕ್ಯೂ’ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ಪದವೊಂದರಿಂದ ಸ್ಪ್ಯಾನಿಷ್ ಭಾಷೆಯ ‘ಬಾರ್ಬಕೋವಾ’ ಎಂಬ ರೂಪದ ಮೂಲಕ ಇಂಗ್ಲಿಷಿಗೆ ಸೇರಿತು.

ಕೆಂಡ ತುಂಬಿ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದ ಸಣ್ಣ ಒಲೆಗೆ ಕನ್ನಡದಲ್ಲಿ ‘ಅಗ್ಗಿಷ್ಟಿಕೆ’ ಎಂಬ ಹೆಸರಿದೆ. ಇದು ಸಂಸ್ಕೃತದ ‘ಅಗ್ನಿಷ್ಠಿಕಾ’ ಎಂಬ ಪದದ ತದ್ಭವವಾಗಿದ್ದು, ಹಿಂದಿಯ ‘ಅಂಗೀಠಿ’ಯೂ ಇದೇ ಮೂಲದ್ದಾಗಿದೆ. ಉತ್ತರ ಕರ್ನಾಟಕದ ಕೆಲವೆಡೆ ಮರಾಠಿಯಲ್ಲಿರುವಂತೆ ‘ಶೇಗಡಿ’ ಎಂಬ ಹೆಸರು ಬಳಕೆಯಲ್ಲಿದೆ. ಸಾಮಾನ್ಯ ಮಾತಿನಲ್ಲಿ ‘ಇದ್ದಿಲು ಒಲೆ’ ಎಂದೂ ಕರೆಯುವುದುಂಟು.

## ಇತಿಹಾಸ

ಆಹಾರವನ್ನು ಕೆಂಡದ ಮೇಲೆ ಸುಡುವುದು ಮಾನವನ ಅತ್ಯಂತ ಪ್ರಾಚೀನ ಅಡುಗೆ ವಿಧಾನಗಳಲ್ಲೊಂದು. ಕರ್ನಾಟಕಕ್ಕೆ ಸಂಬಂಧಿಸಿದಂತೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗದಲ್ಲಿ ಮಾಂಸವನ್ನು ಕೆಂಡದಲ್ಲಿ ಸುಡುವ ವಿಧಾನಗಳ ವಿವರಣೆ ದೊರೆಯುತ್ತದೆ. ಗ್ರಾಮೀಣ ಮನೆಗಳಲ್ಲಿ ಬದನೆಕಾಯಿ, ಗೆಣಸು, ಹಪ್ಪಳ, ಒಣಮೀನು ಮುಂತಾದವನ್ನು ಒಲೆಯ ಕೆಂಡದಲ್ಲಿ ಸುಡುವ ರೂಢಿಯು ಇಂದಿಗೂ ಉಳಿದಿದೆ.

ಆಧುನಿಕ ಮನೆಬಳಕೆಯ ಗ್ರಿಲ್ ಒಲೆಯ ಬೆಳವಣಿಗೆಯು ಬಹುಮಟ್ಟಿಗೆ ಅಮೆರಿಕದಲ್ಲಿ ನಡೆಯಿತು. ಇದ್ದಿಲಿನ ಪುಡಿಯನ್ನು ಒತ್ತಿ ಉಂಡೆಗಳನ್ನಾಗಿಸುವ ವಿನ್ಯಾಸಕ್ಕೆ ಎಲ್ಸ್‌ವರ್ತ್ ಜ್ವೋಯರ್ 1897ರಲ್ಲಿ ಪೇಟೆಂಟ್ ಪಡೆದನು. 1952ರಲ್ಲಿ ಶಿಕಾಗೊ ಪ್ರದೇಶದ ವೆಬರ್ ಬ್ರದರ್ಸ್ ಲೋಹ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್, ಸಮುದ್ರದಲ್ಲಿ ತೇಲಿಬಿಡುವ ಬೋಯಾದ ಗೋಲವನ್ನು ಎರಡಾಗಿ ಕತ್ತರಿಸಿ, ಮುಚ್ಚಳ ಮತ್ತು ಗಾಳಿಕಿಂಡಿಗಳುಳ್ಳ ಗುಂಡನೆಯ ಒಲೆಯನ್ನು ರೂಪಿಸಿದನು. ‘ಕೆಟಲ್ ಗ್ರಿಲ್’ ಎಂದು ಹೆಸರಾದ ಈ ವಿನ್ಯಾಸವು ಇಂದಿಗೂ ಮುಚ್ಚಳದ ಇದ್ದಿಲು ಒಲೆಗಳಿಗೆ ಮಾದರಿಯಾಗಿದೆ.

ಒಲೆಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಟ್ಟು ಇಂಧನ ಉಳಿಸುವ ಪ್ರಯತ್ನಗಳು ಕರ್ನಾಟಕದಲ್ಲಿಯೂ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ‘ಅಸ್ತ್ರ ಒಲೆ’ಯು ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಪಾತ್ರೆಗಳಲ್ಲಿ ಬೇಯಿಸುವ, ಹೊಗೆಕೊಳವೆಯುಳ್ಳ ಒಳಾಂಗಣ ಕಟ್ಟಿಗೆ ಒಲೆಯಾಗಿದ್ದರೂ, ಜಾಲರಿಯ ಮೇಲೆ ಇಂಧನವಿಟ್ಟು ಗಾಳಿಯನ್ನು ನಿಯಂತ್ರಿಸುವ ತತ್ತ್ವವು ಎರಡಕ್ಕೂ ಸಮಾನವಾಗಿದೆ.

## ರಚನೆ ಮತ್ತು ಕಾರ್ಯವಿಧಾನ

ಇದ್ದಿಲಿನ ಗ್ರಿಲ್ ಒಲೆಯಲ್ಲಿ ಸಾಮಾನ್ಯವಾಗಿ ಐದು ಭಾಗಗಳಿರುತ್ತವೆ: ಕೆಂಡ ಹಿಡಿದಿಡುವ ತೊಟ್ಟಿ, ಇದ್ದಿಲು ಹರಡುವ ಕೆಳಜಾಲರಿ, ಆಹಾರ ಇಡುವ ಮೇಲ್ಜಾಲರಿ, ಗಾಳಿಕಿಂಡಿಗಳು ಮತ್ತು ಬೂದಿ ಬೀಳುವ ತಟ್ಟೆ. ಕೆಲವು ಒಲೆಗಳಿಗೆ ಮುಚ್ಚಳವೂ ಇರುತ್ತದೆ.

ಚೆನ್ನಾಗಿ ಹೊತ್ತಿದ ಕೆಂಡವು ಶಾಖವನ್ನು ಪ್ರಧಾನವಾಗಿ ವಿಕಿರಣದ ರೂಪದಲ್ಲಿ ಹೊರಸೂಸುತ್ತದೆ. ಮೇಲೇರುವ ಬಿಸಿಗಾಳಿಯಿಂದ ಆಹಾರಕ್ಕೆ ಶಾಖದ ಇನ್ನೊಂದು ಪಾಲು ದೊರೆಯುತ್ತದೆ. ಜಾಲರಿಯನ್ನು ಕೆಂಡಕ್ಕೆ ಹತ್ತಿರ ತಂದಂತೆ ಶಾಖ ಹೆಚ್ಚುತ್ತದೆ, ದೂರ ಸರಿಸಿದಂತೆ ಕಡಿಮೆಯಾಗುತ್ತದೆ. ಮನೆಬಳಕೆಯ ಒಲೆಗಳಲ್ಲಿ ಈ ಅಂತರವು 10ರಿಂದ 15 ಸೆಂ.ಮೀ. ಇದ್ದರೆ ಹೆಚ್ಚಿನ ಅಡುಗೆಗಳಿಗೆ ಹೊಂದುತ್ತದೆ.

ಕೆಂಡದ ಉರಿಯನ್ನು ನಿರ್ಧರಿಸುವುದು ಅದಕ್ಕೆ ದೊರೆಯುವ ಆಮ್ಲಜನಕ. ಕೆಳಗಿನ ಗಾಳಿಕಿಂಡಿಯನ್ನು ತೆರೆದರೆ ಕೆಂಡ ಪ್ರಖರವಾಗುತ್ತದೆ, ಕಿರಿದಾಗಿಸಿದರೆ ಮಂದವಾಗುತ್ತದೆ. ಮುಚ್ಚಳವುಳ್ಳ ಒಲೆಯಲ್ಲಿ ಮೇಲಿನ ಮತ್ತು ಕೆಳಗಿನ ಕಿಂಡಿಗಳೆರಡನ್ನೂ ಮುಚ್ಚಿದಾಗ ಕೆಂಡವು ನಿಧಾನವಾಗಿ ಆರುತ್ತದೆ ಮತ್ತು ಉಳಿದ ಇದ್ದಿಲನ್ನು ಮುಂದಿನ ಬಾರಿಗೆ ಬಳಸಬಹುದು. ಗಾಳಿಕಿಂಡಿಗೆ ಮುಚ್ಚುವ ತಗಡೇ ಇಲ್ಲದ ಒಲೆಯಲ್ಲಿ ಈ ಎರಡೂ ಅನುಕೂಲಗಳಿರುವುದಿಲ್ಲ.

ತೊಟ್ಟಿಯ ಅರ್ಧಭಾಗದಲ್ಲಿ ಮಾತ್ರ ಕೆಂಡ ಹರಡಿ, ಉಳಿದರ್ಧವನ್ನು ಖಾಲಿ ಬಿಡುವ ಕ್ರಮಕ್ಕೆ ‘ಎರಡು ವಲಯದ ವಿಧಾನ’ ಎನ್ನುತ್ತಾರೆ. ಹೊರಮೈ ಬೇಗ ಕಪ್ಪಾಗುವ ಆಹಾರವನ್ನು ಮೊದಲು ಕೆಂಡದ ಮೇಲಿಟ್ಟು, ನಂತರ ಖಾಲಿ ಬದಿಗೆ ಸರಿಸಿ ಒಳಗಿನವರೆಗೆ ಬೇಯಿಸಬಹುದು. ಎಲುಬಿನ ಕೋಳಿಮಾಂಸಕ್ಕೆ ಈ ವಿಧಾನ ಅಗತ್ಯವಾದುದರಿಂದ, ಅಗ್ಗದ ಒಲೆಯಾದರೂ ಇಷ್ಟು ಜಾಗವಿರುವಷ್ಟು ಅಗಲವಾಗಿರುವುದು ಒಳ್ಳೆಯದು.

## ವಿಧಗಳು

* ಇಟ್ಟಿಗೆ ಅಥವಾ ಕಲ್ಲಿನ ಒಲೆ: ನೆಲದ ಮೇಲೆ ಇಟ್ಟಿಗೆಗಳ ಒಂದು ಹಾಸನ್ನು ಮಾಡಿ, ಮೂರು ಬದಿಗಳಲ್ಲಿ ಎರಡು ವರಸೆ ಇಟ್ಟಿಗೆ ಪೇರಿಸಿ, ಮೇಲೆ ಉಕ್ಕಿನ ಜಾಲರಿ ಇಡಲಾಗುತ್ತದೆ. 7.5 ಸೆಂ.ಮೀ. ದಪ್ಪದ ಇಟ್ಟಿಗೆಗಳಾದರೆ ಎರಡು ವರಸೆಗೆ 15 ಸೆಂ.ಮೀ. ಎತ್ತರ ಸಿಗುತ್ತದೆ. ಅದರಲ್ಲಿ ಕೆಂಡದ ಪದರ 3ರಿಂದ 5 ಸೆಂ.ಮೀ. ಹೋದರೆ ಅಡುಗೆಗೆ ತಕ್ಕ ಅಂತರ ಉಳಿಯುತ್ತದೆ. ತೆರೆದ ನಾಲ್ಕನೆಯ ಬದಿಯಲ್ಲಿ ಒಂದು ಇಟ್ಟಿಗೆಯನ್ನು ಹಿಂದೆ ಮುಂದೆ ಸರಿಸಿ ಗಾಳಿಯನ್ನು ನಿಯಂತ್ರಿಸಬಹುದು. ಇದಕ್ಕೆ ಜಾಲರಿಯ ವೆಚ್ಚವಷ್ಟೇ ತಗಲುತ್ತದೆ.
* ಮಣ್ಣಿನ ಅಗ್ಗಿಷ್ಟಿಕೆ: ಸುಟ್ಟ ಮಣ್ಣಿನ ಗೋಡೆಯು ಶಾಖವನ್ನು ಒಳಗೇ ಉಳಿಸಿಕೊಳ್ಳುವುದರಿಂದ ಕಡಿಮೆ ಇದ್ದಿಲು ಸಾಕಾಗುತ್ತದೆ. ತುಕ್ಕು ಹಿಡಿಯುವುದಿಲ್ಲ. ಆದರೆ ಬಿದ್ದರೆ ಒಡೆಯುತ್ತದೆ ಮತ್ತು ಅಡುಗೆಯ ಜಾಗ ಕಿರಿದು.
* ತೆರೆದ ತೊಟ್ಟಿಯ ಒಲೆ: ಕಾಲುಗಳುಳ್ಳ ಆಯತಾಕಾರದ ತಗಡಿನ ತೊಟ್ಟಿ. ಮಡಚಿ ಒಯ್ಯಬಹುದಾದ ಮಾದರಿಗಳೂ ಇವೆ. ಕಂಬಿಗೆ ಚುಚ್ಚಿದ ಕಬಾಬ್, ಸಣ್ಣ ಮೀನು, ತರಕಾರಿಗಳಿಗೆ ಸೂಕ್ತ.
* ಮುಚ್ಚಳದ ಗುಂಡು ಒಲೆ (ಕೆಟಲ್): ಸುಡುವುದರ ಜೊತೆಗೆ ಬಿಸಿಗಾಳಿಯಿಂದ ಬೇಯಿಸಲೂ ಬರುತ್ತದೆ. ಇದ್ದಿಲು ಒಲೆಗಳಲ್ಲಿ ಹೆಚ್ಚು ಬಹುಮುಖಿ.
* ಡ್ರಮ್ ಒಲೆ: 200 ಲೀಟರಿನ ಉಕ್ಕಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಂಥದ್ದು. ಹೆಚ್ಚು ಜನರಿಗೆ ಅಡುಗೆ ಮಾಡಲು ಅನುಕೂಲ. ಡ್ರಮ್ಮಿನಲ್ಲಿ ಹಿಂದೆ ರಾಸಾಯನಿಕ, ಡಾಂಬರು ಅಥವಾ ಕೀಟನಾಶಕ ಇದ್ದಿದ್ದರೆ ಅದನ್ನು ಬಳಸಬಾರದು. ಸುಡುವ ದ್ರವಗಳಿದ್ದ ಖಾಲಿ ಡ್ರಮ್ಮನ್ನು ಕತ್ತರಿಸುವಾಗ ಒಳಗಿನ ಆವಿಯು ಸಿಡಿಯುವ ಅಪಾಯವೂ ಇದೆ.
* ಅನಿಲದ ಗ್ರಿಲ್ ಒಲೆ: ಕೂಡಲೇ ಹೊತ್ತಿಸಬಹುದು, ಗುಬ್ಬಿ ತಿರುಗಿಸಿ ಉರಿಯನ್ನು ಹೊಂದಿಸಬಹುದು. ಖರೀದಿ ವೆಚ್ಚ ಹೆಚ್ಚು.
* ವಿದ್ಯುತ್ ಗ್ರಿಲ್: ಇಂಧನದ ಹೊಗೆ ಇಲ್ಲದಿರುವುದರಿಂದ ಬಹುಮಹಡಿ ವಸತಿಗಳಿಗೆ ಹೊಂದುತ್ತದೆ. 2,000 ವ್ಯಾಟಿನ ಗ್ರಿಲ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಎಳೆಯುವುದರಿಂದ ಸಾಮಾನ್ಯ 6 ಆಂಪಿಯರ್ ಸಾಕೆಟ್ ಸಾಲುವುದಿಲ್ಲ. ಭೂಸಂಪರ್ಕವಿರುವ 16 ಆಂಪಿಯರ್ ಸಾಕೆಟ್ ಬೇಕಾಗುತ್ತದೆ.

| ವಿಧ | ಖರೀದಿ ವೆಚ್ಚ | ಶಾಖ ನಿಯಂತ್ರಣ | ಮುಖ್ಯ ಮಿತಿ |
|---|---|---|---|
| ಇಟ್ಟಿಗೆ ಒಲೆ | ಅತಿ ಕಡಿಮೆ | ಸಾಧಾರಣ | ಒಯ್ಯಲಾಗದು |
| ಮಣ್ಣಿನ ಅಗ್ಗಿಷ್ಟಿಕೆ | ಕಡಿಮೆ | ಉತ್ತಮ | ಕಿರಿದಾದ ಜಾಗ, ಒಡೆಯುವ ಸಂಭವ |
| ತೆರೆದ ತೊಟ್ಟಿ | ಕಡಿಮೆ | ಸಾಧಾರಣ | ತೆಳು ತಗಡು ಬೇಗ ಹಾಳಾಗುವುದು |
| ಮುಚ್ಚಳದ ಗುಂಡು ಒಲೆ | ಮಧ್ಯಮ | ಅತ್ಯುತ್ತಮ | ಇಡಲು ಜಾಗ ಬೇಕು |
| ಡ್ರಮ್ ಒಲೆ | ಮಧ್ಯಮ | ಮಾಡಿಸಿದ ರೀತಿಯಂತೆ | ಭಾರ, ಹೆಚ್ಚು ಇದ್ದಿಲು |
| ಅನಿಲದ ಒಲೆ | ಹೆಚ್ಚು | ಅತ್ಯುತ್ತಮ | ಬರ್ನರುಗಳಿಗೆ ತುಕ್ಕು |
| ವಿದ್ಯುತ್ ಗ್ರಿಲ್ | ಕಡಿಮೆಯಿಂದ ಮಧ್ಯಮ | ಉತ್ತಮ | ಮಳೆಯಲ್ಲಿ ಅಪಾಯ |

## ಇಂಧನ

ಒಂದು ಕಿ.ಗ್ರಾಂ ಒಳ್ಳೆಯ ಇದ್ದಿಲು ಸುಮಾರು 28ರಿಂದ 30 ಮೆಗಾಜೂಲ್, ಚೆನ್ನಾಗಿ ಒಣಗಿದ ಕಟ್ಟಿಗೆ ಸುಮಾರು 15ರಿಂದ 18 ಮೆಗಾಜೂಲ್ ಮತ್ತು ಅಡುಗೆ ಅನಿಲ ಸುಮಾರು 46 ಮೆಗಾಜೂಲ್ ಶಕ್ತಿಯನ್ನು ನೀಡುತ್ತದೆ. ಸಣ್ಣ ಕುಟುಂಬದ ಒಂದು ಹೊತ್ತಿನ ಅಡುಗೆಗೆ ಸಾಮಾನ್ಯವಾಗಿ ಒಂದು ಕಿ.ಗ್ರಾಂ ಆಸುಪಾಸಿನ ಇದ್ದಿಲು ಸಾಕಾಗುತ್ತದೆ.

ಮರದ ಇದ್ದಿಲು ಬೇಗ ಹೊತ್ತುತ್ತದೆ. ತುಂಡುಗಳ ಗಾತ್ರ ಒಂದೇ ಬಗೆಯಾಗಿಲ್ಲದಿದ್ದರೆ ಶಾಖ ಏರುಪೇರಾಗುತ್ತದೆ. ಒತ್ತಿದ ಇದ್ದಿಲಿನ ಉಂಡೆಗಳು ನಿಧಾನವಾಗಿ ಹೊತ್ತಿ ಹೆಚ್ಚು ಹೊತ್ತು ಒಂದೇ ಸಮನೆ ಉರಿಯುತ್ತವೆ.

ಕರಟದ ಇದ್ದಿಲು ತೆಂಗು ಬೆಳೆಯುವ ಪ್ರದೇಶಗಳಲ್ಲಿ ದೊರೆಯುವ ಉತ್ತಮ ಇಂಧನ. ಇದು ಗಟ್ಟಿಯಾಗಿದ್ದು, ಬೂದಿಯ ಪ್ರಮಾಣ ಕಡಿಮೆ. ಒಂದು ಕಿ.ಗ್ರಾಂ ಕರಟದ ಇದ್ದಿಲಿಗೆ ಸುಮಾರು 3.5ರಿಂದ 4 ಕಿ.ಗ್ರಾಂ ಒಣ ಕರಟ ಬೇಕಾಗುತ್ತದೆ. ಹಸಿ ಕರಟವನ್ನಾಗಲಿ ಒಣ ಕರಟವನ್ನಾಗಲಿ ಇದ್ದಿಲಾಗಿಸದೆ ನೇರವಾಗಿ ಒಲೆಗೆ ಹಾಕಿದರೆ ಮೊದಲಿಗೆ ಎತ್ತರದ ಜ್ವಾಲೆ ಮತ್ತು ದಟ್ಟ ಹೊಗೆ ಏಳುತ್ತದೆ. ಜ್ವಾಲೆ ಇಳಿದು ಕೆಂಡವಾದ ಮೇಲೆಯೇ ಆಹಾರವನ್ನು ಇಡಬೇಕು.

ಕಟ್ಟಿಗೆಯನ್ನು ಬಳಸುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಬಣ್ಣ ಬಳಿದ ಅಥವಾ ರಾಸಾಯನಿಕ ಲೇಪಿಸಿದ ಮರ, ಪ್ಲೈವುಡ್ ಮತ್ತು ಹಳೆಯ ದೋಣಿಗಳ ಹಲಗೆಗಳನ್ನು ಅಡುಗೆಗೆ ಬಳಸಬಾರದು. ದೋಣಿಯ ತಳಕ್ಕೆ ಬಳಿಯುವ ಬಣ್ಣಗಳಲ್ಲಿ ತಾಮ್ರದ ಸಂಯುಕ್ತಗಳಿರುವುದು ಸಾಮಾನ್ಯ. ವಿಷಯುಕ್ತವಾದ ಕಣಗಿಲೆ, ಚರ್ಮವನ್ನು ಸುಡುವ ರಸವುಳ್ಳ ಚೇರು ಮುಂತಾದ ಮರಗಳೂ ವರ್ಜ್ಯ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು ಮತ್ತು ಅನುಮತಿಯಿಲ್ಲದೆ ಇದ್ದಿಲು ಸುಡುವುದು ಕರ್ನಾಟಕ ಅರಣ್ಯ ಕಾಯಿದೆ, 1963ರ ಪ್ರಕಾರ ಅಪರಾಧವಾಗಿದೆ.

## ಉತ್ತರ ಕನ್ನಡ ಕರಾವಳಿಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಅನೇಕ ಮನೆಗಳಲ್ಲಿ ಸ್ನಾನದ ನೀರು ಕಾಯಿಸಲು ಬಚ್ಚಲ ಒಲೆ ಇರುತ್ತದೆ. ತೆಂಗಿನ ಸಿಪ್ಪೆ, ಕರಟ, ಸೋಗೆ ಮತ್ತು ಒಣ ಕಟ್ಟಿಗೆ ಇದರ ಇಂಧನ. ನೀರು ಕಾದ ಮೇಲೆ ಉಳಿಯುವ ಕೆಂಡದಲ್ಲಿ ಗೆಣಸು, ಬದನೆಕಾಯಿ, ಹಲಸಿನ ಹಪ್ಪಳ ಮೊದಲಾದವನ್ನು ಸುಡುವುದುಂಟು. ಇಂತಹ ಮನೆಗಳಲ್ಲಿ ಕೆಂಡಕ್ಕೆ ಪ್ರತ್ಯೇಕ ವೆಚ್ಚವಿಲ್ಲ. ಕೆಂಡವನ್ನು ಅಂಗಳದ ಇಟ್ಟಿಗೆ ಒಲೆಗೆ ಅಥವಾ ಅಗ್ಗಿಷ್ಟಿಕೆಗೆ ಸಾಗಿಸಲು ಉದ್ದ ಹಿಡಿಯ ಕಬ್ಬಿಣದ ಸೌಟು ಅಥವಾ ಸಲಿಕೆ ಬೇಕಾಗುತ್ತದೆ.

ಈ ಭಾಗದಲ್ಲಿ ಹೇರಳವಾಗಿ ದೊರೆಯುವ ಬಂಗುಡೆಯು ಎಣ್ಣೆಯಂಶವುಳ್ಳ ಮೀನಾದ್ದರಿಂದ ಸುಡಲು ಹೇಳಿ ಮಾಡಿಸಿದಂತಿದೆ. ಮುರುಡೇಶ್ವರವನ್ನು ಒಳಗೊಂಡ ಭಟ್ಕಳ ತಾಲೂಕಿನ ಮಾವಳ್ಳಿ ಹೋಬಳಿಯಿಂದ ಹೊನ್ನಾವರ, ಕುಮಟಾಗಳವರೆಗೆ ಮೀನುಗಾರಿಕೆಯು ಪ್ರಮುಖ ಕಸುಬುಗಳಲ್ಲೊಂದು. ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ನಿಷೇಧವಿರುತ್ತದೆ. ಇದೇ ಅವಧಿಯಲ್ಲಿ ಮಳೆಯೂ ಬಿರುಸಾಗಿರುವುದರಿಂದ ಹೊರಾಂಗಣ ಅಡುಗೆಗೆ ಅನುಕೂಲವಾದ ಕಾಲವು ಹೆಚ್ಚುಕಡಿಮೆ ಅಕ್ಟೋಬರಿನಿಂದ ಮೇ ತಿಂಗಳವರೆಗಿನದಾಗಿದೆ.

ಈ ಕರಾವಳಿಯಲ್ಲಿ ವಾರ್ಷಿಕ ಮಳೆಯ ಪ್ರಮಾಣ 3,000 ಮಿ.ಮೀ.ಗೂ ಹೆಚ್ಚು. ಸಮುದ್ರದ ಗಾಳಿಯಲ್ಲಿರುವ ಉಪ್ಪಿನ ಕಣಗಳು ಲೋಹದ ಮೇಲೆ ಕುಳಿತು ತೇವವನ್ನು ಹೀರಿ ತುಕ್ಕನ್ನು ವೇಗಗೊಳಿಸುತ್ತವೆ. ಕಡಲಿನಿಂದ ದೂರ ಸರಿದಂತೆ ಈ ಪರಿಣಾಮ ಕಡಿಮೆಯಾಗುತ್ತದೆ. ಹೀಗಾಗಿ ಒಳನಾಡಿನಲ್ಲಿ ಹಲವು ವರ್ಷ ಬಾಳುವ ತೆಳು ತಗಡಿನ ಒಲೆಯು ತೀರದ ಮನೆಯಲ್ಲಿ ಒಂದೆರಡು ಮಳೆಗಾಲಗಳಲ್ಲಿಯೇ ತೂತು ಬೀಳಬಹುದು.

ಸ್ಥಳೀಯವಾಗಿ ದೊರೆಯುವ ಚಿರೆಕಲ್ಲಿನಿಂದಲೂ ಹಿತ್ತಿಲಿನ ಒಲೆ ಕಟ್ಟಬಹುದು. ಚಿರೆಕಲ್ಲಿನ ರಂಧ್ರಗಳಲ್ಲಿ ನೀರು ನಿಲ್ಲುವುದರಿಂದ, ಮಳೆಯ ನಂತರ ಅದು ಚೆನ್ನಾಗಿ ಒಣಗುವ ಮೊದಲು ಜೋರು ಬೆಂಕಿ ಹಾಕಿದರೆ ಆವಿಯ ಒತ್ತಡದಿಂದ ಬಿರುಕು ಬಿಡಬಹುದು. ಕೆಂಡ ತಗಲುವ ಒಳಭಾಗಕ್ಕೆ ಸುಟ್ಟ ಇಟ್ಟಿಗೆಯನ್ನು ಜೋಡಿಸುವುದು ಉತ್ತಮ.

ಹಸಿ ಗೇರುಬೀಜವನ್ನು ಅಡುಗೆಯ ಗ್ರಿಲ್ ಒಲೆಯ ಮೇಲೆ ಸುಡಬಾರದು. ಬೀಜದ ಸಿಪ್ಪೆಯಲ್ಲಿರುವ ಎಣ್ಣೆಯು ಚರ್ಮವನ್ನು ಸುಡುವ ಗುಣವುಳ್ಳದ್ದು. ಅದು ಕಾದಾಗ ಸಿಡಿಯುತ್ತದೆ, ಜ್ವಾಲೆಯಾಗಿ ಹೊತ್ತಿಕೊಳ್ಳುತ್ತದೆ, ಅದರ ಹೊಗೆಯು ಕಣ್ಣು ಮತ್ತು ಶ್ವಾಸನಾಳವನ್ನು ಕೆರಳಿಸುತ್ತದೆ.

## ಆಯ್ಕೆಯ ಮಾನದಂಡಗಳು

### ಗಾತ್ರ

ನಾಲ್ಕು ಜನರ ಕುಟುಂಬಕ್ಕೆ 30 × 45 ಸೆಂ.ಮೀ. ಅಳತೆಯ ಜಾಲರಿ ಸಾಕಾಗುತ್ತದೆ. ಮಧ್ಯಮ ಗಾತ್ರದ ಬಂಗುಡೆಗೆ ಸುಮಾರು 7 ಸೆಂ.ಮೀ. ಅಗಲದ ಜಾಗ ಹಿಡಿದರೆ ಇದರ ಮೇಲೆ ಒಂದು ಸಾಲಿಗೆ ಆರು ಮೀನುಗಳನ್ನಿಡಬಹುದು. ಅಗತ್ಯಕ್ಕಿಂತ ದೊಡ್ಡ ಒಲೆಯು ಪ್ರತಿ ಬಾರಿಯೂ ಹೆಚ್ಚು ಇದ್ದಿಲನ್ನು ಬೇಡುತ್ತದೆ.

### ತಗಡು ಮತ್ತು ಲೋಹ

ತೊಟ್ಟಿಯ ತಗಡು ತೆಳುವಾದಷ್ಟೂ ಬೇಗ ಸೊಟ್ಟಗಾಗಿ, ತುಕ್ಕಿಗೆ ತುತ್ತಾಗುತ್ತದೆ. ಮಾರುಕಟ್ಟೆಯಲ್ಲಿ ಗೇಜ್ ಸಂಖ್ಯೆ ಹೆಚ್ಚಾದಂತೆ ದಪ್ಪ ಕಡಿಮೆ: 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 20 ಗೇಜ್ ಎಂದರೆ ಸುಮಾರು 0.9 ಮಿ.ಮೀ. ಬೆರಳಿನಿಂದ ಒತ್ತಿದಾಗ ಬಾಗುವ ತಗಡು ಕೆಂಡದ ಶಾಖವನ್ನು ಹೆಚ್ಚು ಕಾಲ ತಾಳುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆಯು ಸುಮಾರು 18% ಕ್ರೋಮಿಯಂ ಮತ್ತು 8% ನಿಕ್ಕಲ್ ಹೊಂದಿರುತ್ತದೆ. ಅಗ್ಗದ 200 ಸರಣಿಯ ಉಕ್ಕಿನಲ್ಲಿ ನಿಕ್ಕಲಿನ ಬಹುಪಾಲಿಗೆ ಬದಲಾಗಿ ಮ್ಯಾಂಗನೀಸ್ ಇರುವುದರಿಂದ ಕಡಲ ಗಾಳಿಯಲ್ಲಿ ಅದು ಬೇಗ ಕಲೆಗಟ್ಟುತ್ತದೆ. ಇವೆರಡೂ ಸಾಮಾನ್ಯವಾಗಿ ಆಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಆಯಸ್ಕಾಂತದ ಪರೀಕ್ಷೆಯಿಂದ ದರ್ಜೆಯನ್ನು ಗುರುತಿಸಲಾಗದು. ಬಿಲ್ಲಿನಲ್ಲಿ ದರ್ಜೆಯನ್ನು ಬರೆಸಿಕೊಳ್ಳುವುದು ಸೂಕ್ತ. ಸಂಪೂರ್ಣ ಸ್ಟೇನ್‌ಲೆಸ್ ಒಲೆ ದುಬಾರಿಯಾದಲ್ಲಿ, ಆಹಾರಕ್ಕೆ ತಗಲುವ ಜಾಲರಿಯನ್ನು ಮಾತ್ರ 304 ದರ್ಜೆಯದನ್ನಾಗಿಸಿ, ತೊಟ್ಟಿಯನ್ನು ದಪ್ಪ ಸಾದಾ ಉಕ್ಕಿನಲ್ಲಿ ಮಾಡಿಸಬಹುದು. ಎರಕದ ಕಬ್ಬಿಣವು ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆಯಾದರೂ ಭಾರವಾಗಿದ್ದು, ಎಣ್ಣೆ ಸವರಿಡದಿದ್ದರೆ ತುಕ್ಕು ಹಿಡಿಯುತ್ತದೆ.

### ಸತು ಲೇಪಿತ ಜಾಲರಿ

ಬೇಲಿಗೆ ಮತ್ತು ಕಿಟಕಿಗೆ ಬಳಸುವ ಸತು ಲೇಪಿತ ತಂತಿಜಾಲರಿಯು ಅಗ್ಗವಾಗಿ ದೊರೆಯುತ್ತದೆಯಾದರೂ ಅದನ್ನು ಆಹಾರ ಸುಡಲು ಬಳಸಬಾರದು. ಸತುವು ಸುಮಾರು 420° ಸೆ. ಉಷ್ಣತೆಯಲ್ಲಿ ಕರಗುತ್ತದೆ. ಪ್ರಖರ ಕೆಂಡದ ಉಷ್ಣತೆ ಇದಕ್ಕಿಂತ ಬಹಳ ಹೆಚ್ಚು. ಅತಿಯಾಗಿ ಕಾದ ಸತುವಿನಿಂದ ಏಳುವ ಹೊಗೆಯನ್ನು ಸೇವಿಸಿದರೆ ಚಳಿ, ಜ್ವರ, ಮೈಕೈ ನೋವು ಕಾಣಿಸಿಕೊಳ್ಳಬಹುದು. ಹಳೆಯ ರೆಫ್ರಿಜರೇಟರುಗಳ ತಟ್ಟೆಸರಳುಗಳಿಗೂ ಹಾನಿಕರ ಲೋಹದ ಲೇಪವಿರುವ ಸಾಧ್ಯತೆ ಇರುವುದರಿಂದ ಅವನ್ನೂ ಬಳಸಬಾರದು.

### ಗಾಳಿಕಿಂಡಿ ಮತ್ತು ಸ್ಥಿರತೆ

ಗಾಳಿಕಿಂಡಿಯ ಮುಚ್ಚಳವು ಸಲೀಸಾಗಿ ಸರಿಯಬೇಕು. ಪೂರ್ತಿ ಮುಚ್ಚಿದಾಗ ಸಂದು ಉಳಿಯಬಾರದು. ಕಾಲುಗಳು ಅಗಲವಾಗಿ ಹರಡಿದ್ದು, ಒಂದು ಬದಿಗೆ ತಳ್ಳಿದಾಗ ಒಲೆ ವಾಲದಂತಿರಬೇಕು. ಮಕ್ಕಳು ಮತ್ತು ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಇದು ಬೆಲೆಗಿಂತ ಮುಖ್ಯವಾದ ಅಂಶ.

### ಒಟ್ಟು ವೆಚ್ಚ

ಒಲೆಯ ನಿಜವಾದ ವೆಚ್ಚವನ್ನು ತಿಳಿಯಲು ಖರೀದಿ ಬೆಲೆಯನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ವರ್ಷದ ಇಂಧನ ವೆಚ್ಚವನ್ನು ಕೂಡಿಸಬೇಕು. ಉದಾಹರಣೆಗೆ ₹1,200 ಬೆಲೆಯ ಒಲೆ ಎರಡು ವರ್ಷ ಬಾಳಿದರೆ ವರ್ಷಕ್ಕೆ ₹600 ಆಗುತ್ತದೆ. ₹4,000 ಬೆಲೆಯದು ಎಂಟು ವರ್ಷ ಬಾಳಿದರೆ ವರ್ಷಕ್ಕೆ ₹500 ಮಾತ್ರ. ಆದರೆ ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಬಳಸುವವರಿಗೆ ಈ ಎರಡಕ್ಕಿಂತ ಇಟ್ಟಿಗೆ ಒಲೆಯೇ ಲಾಭಕರ. ಸಂದರ್ಭ ಮುಗಿದ ಮೇಲೆ ಇಟ್ಟಿಗೆಗಳನ್ನು ತೆಗೆದಿಟ್ಟು, ಜಾಲರಿಯನ್ನು ಒಳಗಿಡಬಹುದು.

## ಬಳಕೆ

ಇದ್ದಿಲನ್ನು ಹೊತ್ತಿಸಲು ಒಣ ತೆಂಗಿನ ನಾರು, ಸೋಗೆಯ ಚೂರು ಅಥವಾ ಕಾಗದವನ್ನು ಕೆಳಗಿಟ್ಟು, ಮೇಲೆ ಇದ್ದಿಲನ್ನು ಗೋಪುರದಂತೆ ರಾಶಿ ಹಾಕಲಾಗುತ್ತದೆ. ಎರಡೂ ತುದಿ ತೆರೆದ, ಕೆಳಗೆ ಜಾಲರಿಯುಳ್ಳ ತಗಡಿನ ಕೊಳವೆಯಲ್ಲಿ ಇದ್ದಿಲು ತುಂಬಿ ಹೊತ್ತಿಸಿದರೆ ಗಾಳಿ ತಾನಾಗಿಯೇ ಮೇಲಕ್ಕೆ ಸೆಳೆಯಲ್ಪಟ್ಟು ಕೆಂಡವು ಬೇಗ ಸಿದ್ಧವಾಗುತ್ತದೆ. ಗಾಳಿ ಹಾಕಲು ಊದುಗೊಳವೆ, ಬೀಸಣಿಗೆ ಅಥವಾ ಅಡಿಕೆ ಹಾಳೆಯ ತುಂಡನ್ನು ಬಳಸುತ್ತಾರೆ. ಇದ್ದಿಲಿನ ಮೇಲೆ ಬಿಳಿ ಬೂದಿಯ ತೆಳು ಪದರ ಮೂಡಿದಾಗ ಕೆಂಡ ಅಡುಗೆಗೆ ಸಿದ್ಧವಾಯಿತೆಂದು ತಿಳಿಯಬಹುದು.

ಉಷ್ಣಮಾಪಕವಿಲ್ಲದಾಗ ಜಾಲರಿಯಿಂದ ಸುಮಾರು 10 ಸೆಂ.ಮೀ. ಮೇಲೆ ಅಂಗೈಯನ್ನು ಹಿಡಿದು ಶಾಖವನ್ನು ಅಂದಾಜಿಸಲಾಗುತ್ತದೆ. ಎರಡು ಮೂರು ಸೆಕೆಂಡು ಮಾತ್ರ ತಾಳಬಹುದಾದರೆ ಶಾಖ ಹೆಚ್ಚು, ನಾಲ್ಕೈದು ಸೆಕೆಂಡಾದರೆ ಮಧ್ಯಮ, ಎಂಟು ಹತ್ತು ಸೆಕೆಂಡಾದರೆ ಕಡಿಮೆ.

ಮೀನು ಜಾಲರಿಗೆ ಅಂಟದಿರಲು ಜಾಲರಿಯು ಸ್ವಚ್ಛವಾಗಿಯೂ ಚೆನ್ನಾಗಿ ಕಾದೂ ಇರಬೇಕು. ಎಣ್ಣೆಯನ್ನು ಮೀನಿಗೆ ಸವರಬೇಕು. ಎರಡು ಜಾಲರಿಗಳ ನಡುವೆ ಮೀನನ್ನಿಟ್ಟು ಮುಚ್ಚುವ ಹಿಡಿಕೆಯ ಜಾಲರಿಯಿದ್ದರೆ ಮಗುಚುವುದು ಸುಲಭ. ಬಾಳೆಎಲೆಯಲ್ಲಿ ಸುತ್ತಿ ಸುಡುವುದರಿಂದ ಮೀನು ಒಡೆಯುವುದಿಲ್ಲ ಮತ್ತು ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕುವುದು ತಪ್ಪುತ್ತದೆ.

## ಸುರಕ್ಷತೆ

### ಕಾರ್ಬನ್ ಮಾನಾಕ್ಸೈಡ್

ಇದ್ದಿಲು ಉರಿಯುವಾಗ ಬಣ್ಣ ಹಾಗೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಉತ್ಪತ್ತಿಯಾಗುತ್ತದೆ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಂಡು, ಅಂಗಗಳಿಗೆ ಆಮ್ಲಜನಕ ತಲುಪದಂತೆ ಮಾಡುತ್ತದೆ. ಹೊಗೆಯೇ ಕಾಣದ ಕೆಂಡವೂ, ಮೇಲ್ನೋಟಕ್ಕೆ ಆರಿದಂತೆ ತೋರುವ ಕೆಂಡವೂ ಈ ಅನಿಲವನ್ನು ಹೊರಸೂಸುತ್ತಿರುತ್ತವೆ. ಆದ್ದರಿಂದ ಹೊಗೆ ಇಲ್ಲವೆಂಬುದು ಸುರಕ್ಷತೆಯ ಗುರುತಲ್ಲ.

ಮಳೆ ಬಂದಾಗ ಉರಿಯುವ ಒಲೆಯನ್ನು ಮನೆಯೊಳಕ್ಕೆ, ಮುಚ್ಚಿದ ಜಗಲಿಗೆ, ವಾಹನ ನಿಲ್ಲಿಸುವ ಕೋಣೆಗೆ ಅಥವಾ ಡೇರೆಯೊಳಕ್ಕೆ ಒಯ್ಯುವುದು ಹಾಗೂ ಉಳಿದ ಕೆಂಡವನ್ನು ಮೈ ಕಾಯಿಸಿಕೊಳ್ಳಲು ಮಲಗುವ ಕೋಣೆಯಲ್ಲಿಡುವುದು ಪ್ರಾಣಾಂತಿಕ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರು ಮೃತಪಟ್ಟ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗಿವೆ. ಕಿಟಕಿಯೊಂದನ್ನು ತೆರೆದಿಟ್ಟ ಮಾತ್ರಕ್ಕೆ ಅಪಾಯ ನೀಗುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಆರಂಭದ ಲಕ್ಷಣಗಳು. ಜೊತೆಯಲ್ಲಿರುವ ಹಲವರಿಗೆ ಒಮ್ಮೆಲೇ ಇವು ಕಾಣಿಸಿದರೆ ಎಲ್ಲರೂ ಕೂಡಲೇ ತೆರೆದ ಗಾಳಿಗೆ ಬಂದು, 108 ಆಂಬುಲೆನ್ಸ್ ಸೇವೆಗೆ ಕರೆ ಮಾಡಬೇಕು.

### ಬೆಂಕಿ ಮತ್ತು ಸುಟ್ಟಗಾಯ

ಒಲೆಯನ್ನು ಗೋಡೆ, ಸೋಗೆಯ ಮಾಡು, ಹುಲ್ಲಿನ ಬಣವೆ, ಒಣಗಿದ ತರಗೆಲೆ ಮತ್ತು ವಾಹನಗಳಿಂದ ಕನಿಷ್ಠ 3 ಮೀಟರ್ ದೂರದಲ್ಲಿಡಬೇಕು. ಕಡಲ ಕಡೆಯಿಂದ ಮಧ್ಯಾಹ್ನದ ಗಾಳಿ ಬೀಸುವಾಗ ಕಿಡಿಗಳು ಹಾರುವ ದಿಕ್ಕನ್ನು ಗಮನಿಸಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಅಥವಾ ಮರಳು ಇರಬೇಕು. ಹೊತ್ತಿಸಲು ಪೆಟ್ರೋಲ್ ಬಳಸಿದರೆ ಅದರ ಆವಿಯು ಸ್ಫೋಟದಂತೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆಯನ್ನು ಕೆಂಡದ ಮೇಲೆ ಸುರಿದರೂ ಜ್ವಾಲೆಯು ಡಬ್ಬಿಯವರೆಗೆ ತಲುಪಬಹುದು.

ಸಮುದ್ರತೀರದಲ್ಲಿ ಅಡುಗೆ ಮಾಡಿದವರು ಕೆಂಡವನ್ನು ಮರಳಿನಲ್ಲಿ ಹೂಳುವುದು ಅಪಾಯಕರ. ಮರಳಿನಡಿ ಕೆಂಡವು ಗಂಟೆಗಟ್ಟಲೆ ಬಿಸಿಯಾಗಿಯೇ ಇದ್ದು, ಬರಿಗಾಲಿನಲ್ಲಿ ನಡೆಯುವವರ ಪಾದಗಳನ್ನು ಸುಡುತ್ತದೆ. ಕೆಂಡಕ್ಕೆ ಸ್ವಲ್ಪ ಸ್ವಲ್ಪವಾಗಿ ನೀರು ಹಾಕಿ, ಕೆದಕಿ, ಪೂರ್ತಿ ತಣ್ಣಗಾದ ಮೇಲೆ ಅಲ್ಲಿಂದ ತೆಗೆದೊಯ್ಯಬೇಕು.

### ಅನಿಲದ ಒಲೆ

ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಕೊಳವೆ ಮತ್ತು ರೆಗ್ಯುಲೇಟರುಗಳು ಐಎಸ್‌ಐ ಗುರುತಿನವಾಗಿರಬೇಕು. ಸೋರಿಕೆಯನ್ನು ಸಾಬೂನಿನ ನೊರೆ ಹಚ್ಚಿ ಪರೀಕ್ಷಿಸಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ಮುಚ್ಚಳವಿರುವ ಒಲೆಯನ್ನು ಹೊತ್ತಿಸುವ ಮೊದಲು ಮುಚ್ಚಳವನ್ನು ತೆರೆದಿರಬೇಕು.

## ಆಹಾರ ಮತ್ತು ಆರೋಗ್ಯ

ಹೊರಮೈ ಕಪ್ಪಾದ ಮಾತ್ರಕ್ಕೆ ಒಳಭಾಗ ಬೆಂದಿರುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ ಒಳಭಾಗದ ಉಷ್ಣತೆಯು ಮೀನಿಗೆ 63° ಸೆ., ಕೋಳಿಮಾಂಸಕ್ಕೆ 74° ಸೆ. ತಲುಪಬೇಕು. ಹಸಿ ಮಾಂಸವನ್ನಿಟ್ಟ ತಟ್ಟೆಯಲ್ಲಿಯೇ ಬೆಂದ ಆಹಾರವನ್ನು ಹಾಕಬಾರದು.

ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳುವ ಹೊಗೆಯಲ್ಲಿ ಬಹುಚಕ್ರೀಯ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು ಇರುತ್ತವೆ. ಇವುಗಳಲ್ಲೊಂದಾದ ಬೆಂಜೊಪೈರೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವರ್ಗೀಕರಿಸಿದೆ. ಮಾಂಸವನ್ನು ಅಧಿಕ ಉಷ್ಣತೆಯಲ್ಲಿ ಸುಟ್ಟಾಗ ಇತರ ಹಾನಿಕರ ಸಂಯುಕ್ತಗಳೂ ಉಂಟಾಗುತ್ತವೆ. ಜ್ವಾಲೆ ಇಳಿದ ಕೆಂಡದ ಮೇಲೆ ಸುಡುವುದು, ಪದೇ ಪದೇ ಮಗುಚುವುದು, ಕರಿದಾದ ಭಾಗವನ್ನು ತೆಗೆದುಹಾಕುವುದು ಮತ್ತು ಎರಡು ವಲಯದ ವಿಧಾನವನ್ನು ಅನುಸರಿಸುವುದರಿಂದ ಇವುಗಳ ಪ್ರಮಾಣವನ್ನು ತಗ್ಗಿಸಬಹುದು. ತರಕಾರಿ ಮತ್ತು ಗೆಡ್ಡೆಗಳಿಂದ ಕೊಬ್ಬು ತೊಟ್ಟಿಕ್ಕುವ ಸಮಸ್ಯೆ ಇರುವುದಿಲ್ಲ.

## ನಿರ್ವಹಣೆ

ಬೂದಿಯು ತೇವವನ್ನು ಹೀರಿ ಕ್ಷಾರವಾಗಿ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಪ್ರತಿ ಬಳಕೆಯ ನಂತರ, ಬೂದಿ ಪೂರ್ತಿ ತಣಿದ ಮೇಲೆ ಅದನ್ನು ತೆಗೆದುಹಾಕಬೇಕು. ತಣಿದಂತೆ ಕಾಣುವ ಬೂದಿಯಲ್ಲಿಯೂ ಕೆಂಡ ಉಳಿದಿರಬಹುದಾದ್ದರಿಂದ ಅದನ್ನು ಪ್ಲಾಸ್ಟಿಕ್ ಬುಟ್ಟಿಗೆ ಸುರಿಯಬಾರದು. ಶುದ್ಧ ಇದ್ದಿಲಿನ ಅಥವಾ ಕಟ್ಟಿಗೆಯ ಬೂದಿಯನ್ನು ಮಿತವಾಗಿ ತೋಟಕ್ಕೆ ಹಾಕಬಹುದು.

ಜಾಲರಿಯನ್ನು ಬಿಸಿಯಿರುವಾಗಲೇ ಉಜ್ಜಿ, ತೆಳುವಾಗಿ ಎಣ್ಣೆ ಸವರಿಡುವುದು ರೂಢಿ. ತಂತಿ ಬ್ರಷ್ಷಿನ ಮುರಿದ ಎಳೆಗಳು ಆಹಾರಕ್ಕೆ ಅಂಟಿ ಗಂಟಲಿಗೆ ಚುಚ್ಚುವ ಅಪಾಯವಿರುವುದರಿಂದ ತೆಂಗಿನ ನಾರಿನಿಂದ ಉಜ್ಜುವುದು ಹೆಚ್ಚು ಸುರಕ್ಷಿತ. ಕರಾವಳಿಯಲ್ಲಿ ಲೋಹದ ಭಾಗಗಳನ್ನು ಆಗಾಗ ಸಿಹಿನೀರಿನಿಂದ ತೊಳೆದು ಒರೆಸಬೇಕು. ಮಳೆಗಾಲಕ್ಕೆ ಮೊದಲು ಒಲೆಯನ್ನು ಪೂರ್ತಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಮಾಡಿನ ಕೆಳಗೆ ಇಡುವುದು ಸೂಕ್ತ. ಒದ್ದೆ ಒಲೆಯ ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಕಟ್ಟಿದರೆ ತೇವವು ಒಳಗೇ ಉಳಿದು ತುಕ್ಕು ಇನ್ನಷ್ಟು ಹೆಚ್ಚುತ್ತದೆ. ಇದ್ದಿಲು ಸಹ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ ಸಂಗ್ರಹಿಸಬೇಕು.

## ಇವನ್ನೂ ನೋಡಿ

* ಇದ್ದಿಲು
* ತಂದೂರ್
* ಅಸ್ತ್ರ ಒಲೆ
* ಕಾರ್ಬನ್ ಮಾನಾಕ್ಸೈಡ್
* ಬಂಗುಡೆ
* ಉತ್ತರ ಕನ್ನಡ